ಒಂಟಿಯಾಗಿ ಹೋದ ಸೀರೆ

ಹೊಳೆಯ ದಡದಲ್ಲಿ ಒಂದು ಪುಟ್ಟ ಚರ್ಚು. ಚರ್ಚಿನ ಹಿಂದೆ ಮಣ್ಣಿನ ಮನೆ. ಮನೆಯಲ್ಲಿ ಇಬ್ಬರೇ. ಊರೂರು ತಿರುಗಿ ಕ್ರೈಸ್ತ ವಿಶ್ವಾಸದ ಪಾಠವಾದ ಜ್ಞಾನೋಪದೇಶ ಕಲಿಸುತ್ತಾ ಮುದುಕಿಯಾಗಿದ್ದ ಉಪದೇಶಿ ಬ್ರಿಜಿತಮ್ಮ. ಅವರ ಬಳಿ ಉಪದೇಶಿಯಾಗಲು ಕಲಿಯುತ್ತಿದ್ದ ಫಿಲೋಮಿನ.

ಚರ್ಚಿನೊಳಗೆ ಮಾತೆ ಮರಿಯಮ್ಮನವರ ಮರದಲ್ಲಿ ಕೆತ್ತಿದ ಸ್ವರೂಪ. ಹತ್ತು ವರ್ಷದ ಹುಡುಗಿಯಷ್ಟು ಎತ್ತರ. ಕುತ್ತಿಗೆಯಿಂದ ಪಾದದವರೆಗೂ ಮುಚ್ಚುವ ನೀಲಿ ಅಂಚಿನ ಬಿಳಿ ಸೀರೆ. ಬಲಗೈಯಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಶಿಲುಬೆ ತೂಗುತ್ತಿತ್ತು.

"ಆ ಶಿಲುಬೆ ಉಪದೇಶಿಯ ಕೊರಳಿಗೆ," ಎಂದಿದ್ದರು ಬ್ರಿಜಿತಮ್ಮ, ಫಿಲೋಮಿನ ಬಂದ ಮೊದಲ ದಿನ. "ನನ್ನದು ಒಂದೇ ಪ್ರಶ್ನೆ. ನಮ್ಮ ವಿಶ್ವಾಸದಲ್ಲಿ ಮರಿಯಮ್ಮನವರ ಕೆಲಸ ಏನು? ಮುಂದಿನ ವರ್ಷ ಮಾತೆಯ ಹುಟ್ಟುಹಬ್ಬದ ಹೊತ್ತಿಗೆ ಉತ್ತರ ಹೇಳು. ಶಿಲುಬೆ ತಗೋ."

ಅದೇ ದಿನ ಇನ್ನೊಂದು ಮಾತನ್ನೂ ಹೇಳಿದ್ದರು.

"ಹೆರಿಗೆ ಕಷ್ಟವಾದ ಮನೆಯವರು ಮಾತೆಯ ಸೀರೆ ಕೇಳಿಕೊಂಡು ಬರುತ್ತಾರೆ. ಇಲ್ಲ ಅನ್ನಬೇಡ. ಆದರೆ ಸೀರೆ ಒಂಟಿಯಾಗಿ ಹೋಗಬಾರದು."

ಫಿಲೋಮಿನ ಎರಡಕ್ಕೂ ತಲೆಯಾಡಿಸಿದ್ದಳು. ಮನಸ್ಸಿಗೆ ನಾಟಿದ್ದು ಮೊದಲನೆಯದು ಮಾತ್ರ.

ಅವಳಿಗೆ ಶಿಲುಬೆ ಬೇಕೇ ಬೇಕಾಗಿತ್ತು. ಮನೆ ಬಿಟ್ಟು ಹೊರಡುವಾಗ ಅಣ್ಣ ನಕ್ಕಿದ್ದ.

"ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಉಪದೇಶಿ ಆಗ್ತಾಳಂತೆ! ಶಿಲುಬೆ ಹಾಕ್ಕೊಂಡು ಬಂದರೆ ನಾನೇ ಎದುರು ಬಂದು ಕೈಮುಗೀತೀನಿ. ಇಲ್ಲದಿದ್ದರೆ ಹಿತ್ತಲ ಬಾಗಿಲಿಂದ ಒಳಗೆ ಬಾ."

ಹಿತ್ತಲ ಬಾಗಿಲು ಅವಳ ಕಣ್ಣಿನಿಂದ ಒಂದು ದಿನವೂ ಮರೆಯಾಗಿರಲಿಲ್ಲ. ಚರ್ಚಿನ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿದಳು. ಗೊತ್ತಿಲ್ಲದ ಪದ ಬಂದರೆ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಳು, ಗೊತ್ತಾದ ಮೇಲೆ ಅಳಿಸಿದಳು.

ನಾಲ್ಕು ತಿಂಗಳಿಗೆ ಮೊದಲ ಉತ್ತರ ತಂದಳು.

"ಅವರು ದೇವಮಾತೆ. ಆರಾಧನೆ ದೇವರೊಬ್ಬರಿಗೇ, ಮಾತೆಗೆ ನಾವು ಸಲ್ಲಿಸುವುದು ಗೌರವ."

"ಸರಿ," ಎಂದರು ಬ್ರಿಜಿತಮ್ಮ. "ನಾನು ಕೇಳಿದ್ದು ಕೆಲಸ."

ಎಂಟು ತಿಂಗಳಿಗೆ ಎರಡನೆಯದು.

"ನಮಗಾಗಿ ಮಗನ ಹತ್ತಿರ ಬೇಡಿಕೊಳ್ಳುವುದು."

"ಇದೂ ಸರಿ. ಇದನ್ನು ಎಲ್ಲಿ ನೋಡಿದೆ?"

"ಪುಸ್ತಕದಲ್ಲಿ."

"ಹೂಂ," ಎಂದು ಬ್ರಿಜಿತಮ್ಮ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ಹನ್ನೊಂದನೆಯ ತಿಂಗಳಿಗೆ ಮೂರನೆಯದು. ಅದು ಅವಳದೇ ಆಗಿತ್ತು, ಯಾವ ಪುಸ್ತಕದ್ದೂ ಅಲ್ಲ.

"ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕನ್ನೇ ಕತ್ತಲಲ್ಲಿರುವವರಿಗೆ ಮುಟ್ಟಿಸುತ್ತಾನೆ. ಮಾತೆಯೂ ಹಾಗೆ."

ಬ್ರಿಜಿತಮ್ಮ ತಲೆಯೆತ್ತಿ ನೋಡಿದರು.

"ಚೆನ್ನಾಗಿದೆ," ಎಂದರು. "ಆದರೆ ಚಂದ್ರ ತುಂಬಾ ದೂರ."

ಹಬ್ಬಕ್ಕೆ ಒಂದೇ ದಿನ ಉಳಿಯಿತು.

ಅಂದು ಬೆಳಿಗ್ಗೆ ಬ್ರಿಜಿತಮ್ಮ ಮೇಣದ ಬತ್ತಿ ತರಲು ರಸ್ತೆಯ ಅಂಗಡಿಗೆ ಹೋಗಿದ್ದರು. ಫಿಲೋಮಿನ ಚರ್ಚಿನ ಮೆಟ್ಟಿಲ ಮೇಲೆ ಕೂತು ನಾಲ್ಕನೆಯ ಉತ್ತರ ಬರೆಯುತ್ತಿದ್ದಳು. ಎರಡು ಹಾಳೆ ತುಂಬಿದ್ದವು.

ಆಚೆ ದಡದ ಇನ್ನಾಸಪ್ಪ ಓಡಿ ಬಂದ. ಮೊಣಕಾಲವರೆಗೂ ಒದ್ದೆ.

"ಅಕ್ಕಾ, ಸೀರೆ ಬೇಕು. ನನ್ ಹೆಂಡ್ತಿ ಸಹಾಯ ಮೇರಿ ನೆನ್ನೆಯಿಂದ ನೋವು ತಿಂತಾವ್ಳೆ. ಸೂಲಗಿತ್ತಿ ಕೈಚೆಲ್ಲಿ ಕೂತವ್ಳೆ. ಮೊದಲು ಸೀರೆ ತತ್ತಾ ಅಂತ ನಮ್ಮವ್ವ ಓಡಿಸ್ತು."

ಫಿಲೋಮಿನ ಪೆನ್ನು ಕೆಳಗಿಡಲಿಲ್ಲ.

"ಬಟ್ಟೆಗೆ ಶಕ್ತಿ ಇಲ್ಲ ಇನ್ನಾಸಪ್ಪ. ನಂಬಿಕೆ ದೇವರ ಮೇಲಿರಬೇಕು."

"ಆಯ್ತಕ್ಕ, ಇಡ್ತೀನಿ. ಬೇಗ ಕೊಡಿ."

ಅವಳು ಒಳಗೆ ಹೋಗಿ ಸೀರೆ ಬಿಚ್ಚಿ, ನೀಟಾಗಿ ಮಡಿಚಿ, ಅವನ ಕೈಗಿಟ್ಟಳು. ಅವನು ಹೊಳೆಯ ಕಡೆ ಓಡಿದ. ಗುರುಮಾತು ನೆನಪಾಗದೆ ಇರಲಿಲ್ಲ. ಒಂಟಿಯಾಗಿ ಎಲ್ಲಿ ಹೋಯಿತು, ಗಂಡನ ಕೈಯಲ್ಲೇ ಕಳಿಸಿದೆನಲ್ಲ ಎಂದುಕೊಂಡು ಮತ್ತೆ ಹಾಳೆಯ ಮುಂದೆ ಕೂತಳು.

ಬ್ರಿಜಿತಮ್ಮ ಬಂದರು. ಒಳಗೆ ಹೋದರು. ಹೊರಗೆ ಬಂದರು.

"ಸೀರೆ ಎಲ್ಲಿ?"

"ಇನ್ನಾಸಪ್ಪ ತಗೊಂಡು ಹೋದ. ಹೆಂಡತಿಗೆ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ್ದಾಳಂತೆ."

"ಸೀರೆ ಅಲ್ಲಿದೆ. ನೀನು ಯಾಕೆ ಇಲ್ಲಿದ್ದೀಯ?"

ಫಿಲೋಮಿನಳಿಗೆ ತಿಳಿಯಲಿಲ್ಲ. "ನನ್ನ ಉತ್ತರ ಮುಗಿದಿಲ್ಲ ಅಮ್ಮ. ನಾಳೆ ಹಬ್ಬ."

"ನೆಂಟರಾದ ಎಲಿಜಬೇತಮ್ಮ ಬಸುರಿ ಅಂತ ಸುದ್ದಿ ಬಂದಾಗ ಮರಿಯಮ್ಮನವರು ಏನು ಮಾಡಿದರು?"

"ಎದ್ದು ಅವಸರದಿಂದ ಬೆಟ್ಟದ ಸೀಮೆಗೆ ಹೋದರು."

"ಬರೆಯುತ್ತಿದ್ದದ್ದನ್ನು ಮುಗಿಸಿಕೊಂಡು ಹೋದರು ಅಂತ ಬೈಬಲಿನಲ್ಲಿ ಇದೆಯಾ?"

ಫಿಲೋಮಿನ ಪೆನ್ನು ಕೆಳಗಿಟ್ಟಳು.

"ನನಗೆ ಹೆರಿಗೆ ವಿಷಯ ಒಂದೂ ಗೊತ್ತಿಲ್ಲ. ಹೋಗಿ ಏನು ಮಾಡಲಿ?"

"ಅವರಿಗೂ ಗೊತ್ತಿರಲಿಲ್ಲ."

"ಈಗ ಹೋದರೆ ನಾಳೆ ಹಬ್ಬಕ್ಕೆ ಬರೋಕಾಗುತ್ತೋ ಇಲ್ಲವೋ."

"ಆಗದೆ ಇರಬಹುದು."

"ಮತ್ತೆ ಶಿಲುಬೆ?"

"ಹೇಳಿದೆನಲ್ಲ. ಹಬ್ಬದವರೆಗೆ."

ಮುದುಕಿಯ ಧ್ವನಿಯಲ್ಲಿ ಒಂದಿಷ್ಟೂ ಮರುಕವಿರಲಿಲ್ಲ. ಒಂದು ವರ್ಷ. ಎರಡು ಹಾಳೆ. ಹಿತ್ತಲ ಬಾಗಿಲು. ಹೋಗುವುದಿಲ್ಲ ಎನ್ನಲು ಫಿಲೋಮಿನ ಬಾಯಿ ತೆರೆದು ಚರ್ಚಿನೊಳಗೆ ನೋಡಿದಳು.

ಸೀರೆಯಿಲ್ಲದ ಸ್ವರೂಪವನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ. ಬಿಚ್ಚುವಾಗಲೂ ಕಣ್ಣು ಮಡಿಕೆಗಳ ಮೇಲಿತ್ತು. ಬರಿಯ ಮರ. ಕೆತ್ತಿದವನು, ಎಲ್ಲಿಗೋ ಹೊರಟವರ ಹಾಗೆ, ಎಡಗಾಲನ್ನು ಮುಂದಿಡಿಸಿ, ಬಲಗಾಲಿನ ಹಿಮ್ಮಡಿ ಎತ್ತಿಸಿದ್ದ.

ಅವಳು ಹಾಳೆಗಳ ಮೇಲೆ ಕಲ್ಲಿಟ್ಟು ಹೊಳೆಗೆ ಇಳಿದಳು.

ಆಚೆ ದಡಕ್ಕೆ ಹರಿಗೋಲೊಂದೇ ದಾರಿ. ಅಂಬಿಗ ಹುಟ್ಟು ಹಾಕುತ್ತಾ ಕೇಳಿದ.

"ಸೀರೆ ಆಗಲೇ ಹೋಯ್ತಲ್ಲ ತಾಯಿ. ನೀವ್ಯಾಕೆ?"

ಫಿಲೋಮಿನ ಆಚೆ ದಡದ ಕಡೆ ನೋಡಿದಳು.

ಇನ್ನಾಸಪ್ಪನ ಮನೆಯ ಹೊರಗೇ ಜಪಸರದ ಸದ್ದು ಕೇಳಿಸುತ್ತಿತ್ತು. ಒಳಗೆ ಅವನ ತಾಯಿ ಜ್ಞಾನಮ್ಮ ಮಣಿ ಎಣಿಸುತ್ತಾ ಗಟ್ಟಿಯಾಗಿ ಹೇಳುತ್ತಿದ್ದರು, ಐದಾರು ಹೆಂಗಸರು ದನಿಗೂಡಿಸುತ್ತಿದ್ದರು. ಚಾಪೆಯ ಮೇಲೆ ಸಹಾಯ ಮೇರಿ. ಅವಳ ಹೊಟ್ಟೆಯ ಮೇಲೆ ಮಾತೆಯ ಸೀರೆ. ಎಲ್ಲರ ಕಣ್ಣೂ ಸೀರೆಯ ಮೇಲೆ.

ಸಹಾಯ ಮೇರಿಯ ಮುಖ ನೋಡುವವರು ಯಾರೂ ಇರಲಿಲ್ಲ. ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮೂಲೆಯಲ್ಲಿದ್ದ ಸೂಲಗಿತ್ತಿ ಫಿಲೋಮಿನಳ ಸೆರಗು ಜಗ್ಗಿದಳು.

"ಮಗು ಅಡ್ಡ ಮಲಗ್ಯದೆ. ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಹೊತ್ಕೊಂಡೋಗಿ ಅಂದೆ. ಹೊರಟೂ ಇದ್ರು. ಅಷ್ಟರಲ್ಲಿ ಸೀರೆ ಬಂತು. ಮಾತೆನೇ ಬಂದ್ಮೇಲೆ ಆಸ್ಪತ್ರೆ ಯಾಕೆ ಅಂತ ಕುಂತುಬುಟ್ರು."

ಫಿಲೋಮಿನ ಚಾಪೆಯ ಕಡೆ ತಿರುಗಿದಳು. ತಾನು ನೀಟಾಗಿ ಮಡಿಚಿ ಕಳಿಸಿದ ಸೀರೆ ಇವಳನ್ನು ಇಲ್ಲಿ ಕಟ್ಟಿಹಾಕಿತ್ತು.

"ಜ್ಞಾನಮ್ಮನೋರೆ, ಜಪ ನಿಲ್ಲಿಸಿ. ಇವಳನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು."

ಜಪ ನಿಂತಿತು. ಜ್ಞಾನಮ್ಮ ಮೇಲಿಂದ ಕೆಳಗೆ ನೋಡಿದರು.

"ಮಾತೆ ಇರೋ ಮನೇಲಿ ಜಪ ನಿಲ್ಲಿಸು ಅನ್ನೋಕೆ ನೀನ್ಯಾವಳೇ? ಉಪದೇಶಿಯಾ? ಎಲ್ಲಿ, ಕೊರಳಲ್ಲಿ ಶಿಲುಬೆನೇ ಕಾಣೆ!"

ಯಾರೋ ಕಿಸಕ್ಕೆಂದರು.

"ಇಲ್ಲ," ಎಂದಳು ಫಿಲೋಮಿನ. "ಇನ್ನು ಸಿಗೋದೂ ಇಲ್ಲ."

"ಮತ್ತೆ ಯಾರು ಕಳಿಸಿದ್ದು ನಿನ್ನ?"

"ಆ ಸೀರೆ ಉಟ್ಟಿದ್ದವರು."

ಅವಳು ಚಾಪೆಯ ಪಕ್ಕ ಕೂತಳು. ಸಹಾಯ ಮೇರಿ ಅವಳ ಕೈ ಹಿಡಿದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

"ಕಾನಾ ಊರಿನ ಮದುವೆಮನೇಲಿ ದ್ರಾಕ್ಷಾರಸ ತೀರಿತು," ಎಂದಳು ಫಿಲೋಮಿನ. "ನೂರು ಜನ ಕೂತಿದ್ದರು. ಕಂಡದ್ದು ಮಾತೆಗೆ. ಕಂಡೂ ಕಾಣದ ಹಾಗೆ ಕೂರಲಿಲ್ಲ ಅವರು. ತೀರಿಹೋಗಿದೆ ಅಂತ ಮಗನಿಗೆ ಬಾಯಿಬಿಟ್ಟು ಹೇಳಿದರು. ನಾನೂ ಹೇಳ್ತಿದ್ದೀನಿ. ಇವಳಲ್ಲಿ ಶಕ್ತಿ ತೀರಿಹೋಗಿದೆ. ಇವಳ ಮುಖ ನೋಡಿ ಅವ್ವ. ಸೀರೆ ಬೇಡ, ಮುಖ ನೋಡಿ."

ಜ್ಞಾನಮ್ಮ ನೋಡಿದರು.

"ಅತ್ತೆ," ಎಂದಳು ಸಹಾಯ ಮೇರಿ. ಅಷ್ಟೇ.

ಫಿಲೋಮಿನ ಸೀರೆಯನ್ನು ಎಳೆದು, ಎರಡು ಮಡಿಕೆ ಮಾಡಿ, ಬಾಣಂತಿಯಾಗಬೇಕಾದವಳ ಮೈಕೆಳಗೆ ಹಾಸಿದಳು.

"ಅಯ್ಯೋ, ಮಾತೆಯ ಸೀರೆಗೆ ರಕ್ತ!" ಎಂದಳು ಒಬ್ಬಳು.

"ಇನ್ನಾಸಪ್ಪ, ತಲೆ ಕಡೆಯ ಎರಡು ಮೂಲೆ ನೀನು ಹಿಡಿ. ಕಾಲ ಕಡೆ ಒಂದು ನನಗೆ. ಇನ್ನೊಂದಕ್ಕೆ ಯಾರಾದರೂ ಬನ್ನಿ."

ಯಾರೂ ಅಲುಗಲಿಲ್ಲ. ಆಮೇಲೆ ಜ್ಞಾನಮ್ಮ ಜಪಸರವನ್ನು ಕೊರಳಿಗೆ ಹಾಕಿಕೊಂಡು ನಾಲ್ಕನೆಯ ಮೂಲೆ ಹಿಡಿದರು.

"ಏನು ನೋಡ್ತಾ ನಿಂತ್ಯೋ? ಎತ್ತೋ!" ಎಂದು ಮಗನ ಮೇಲೆ ರೇಗಿದರು.

ಹರಿಗೋಲು ಹೊಳೆಯ ನಡುವೆ ಒಂದು ಸುತ್ತು ಸುತ್ತಿತು. ಅಂಬಿಗ ಬೈಯುತ್ತಾ ಹುಟ್ಟು ಹಾಕಿದ. ಸೀರೆಯ ನೀಲಿ ಅಂಚು ಕಪ್ಪಾಗುತ್ತಿತ್ತು. ಆಸ್ಪತ್ರೆಗೆ ಚರ್ಚಿನ ದಡದಿಂದ ಎರಡು ಹರಿದಾರಿ ದೂರ. ಆ ಹೊತ್ತಿನಲ್ಲಿ ಬಸ್ಸಿಲ್ಲ. ದಡ ಮುಟ್ಟಿದರೂ ಮುಂದೇನು ಎಂದು ಫಿಲೋಮಿನ ರಸ್ತೆಯ ಕಡೆ ಕಣ್ಣು ಹಾಯಿಸಿದಳು.

ದಡದಲ್ಲಿ ಹಾಲಿನ ವ್ಯಾನೊಂದು ನಿಂತಿತ್ತು. ಅದರ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಬ್ರಿಜಿತಮ್ಮ ಕೂತಿದ್ದರು.

"ನೋಡಿ ಸ್ವಾಮಿ, ಗಂಟೆಯಿಂದ ಹಿಂಗೇ!" ಡ್ರೈವರ್ ಕೂಗಾಡಿದ. "ಹಾಲು ಒಡೆದುಹೋಗುತ್ತೆ ಅಜ್ಜಿ ಅಂದೆ. ಒಡೀಲಿ ಅಂತು. ಮೈಮೇಲೇ ಹತ್ತಿಸ್ಕೊಂಡು ಹೋಗ್ತೀನಿ ಅಂತಾನೂ ಅಂದೆ. ಏಳಲೇ ಇಲ್ಲ!"

ಹರಿಗೋಲಿನಲ್ಲಿ ಮಲಗಿದ್ದವಳನ್ನು ಕಂಡದ್ದೇ ಅವನು ವ್ಯಾನಿನ ಹಿಂಬಾಗಿಲು ತೆರೆದ. ತಾನೇ ಕ್ಯಾನುಗಳನ್ನು ಕೆಳಗಿಳಿಸಿದ.

ಬ್ರಿಜಿತಮ್ಮ ಎದ್ದರು. ಶಿಷ್ಯೆಯ ಕಡೆ ನೋಡಲೇ ಇಲ್ಲ. ಸಹಾಯ ಮೇರಿಯ ಮುಖ ನೋಡಿದರು, ಹಣೆ ಮುಟ್ಟಿದರು, ದಾರಿ ಬಿಟ್ಟರು.

ಫಿಲೋಮಿನ ವ್ಯಾನು ಹತ್ತಿದಳು.

ಹಬ್ಬದ ದಿನ ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಡೆದುಕೊಂಡು ಬಂದಳು. ಕಂಕುಳಲ್ಲಿ ಸೀರೆಯ ಗಂಟು. ಚರ್ಚಿನ ಬಾಗಿಲಲ್ಲಿ ಹಬ್ಬದ ಹೂವು ಬಾಡಿತ್ತು. ಅವಳ ಎರಡು ಹಾಳೆಗಳು ಮೆಟ್ಟಿಲ ಮೇಲೆ ಕಲ್ಲಿನ ಕೆಳಗೆ ಹಾಗೇ ಇದ್ದವು. ಒಳಗೆ ಮಾತೆ ಬ್ರಿಜಿತಮ್ಮನ ಹಳೆಯ ನೂಲಿನ ಸೀರೆ ಉಟ್ಟು ನಿಂತಿದ್ದರು. ಹಬ್ಬವೆಲ್ಲ ಅದರಲ್ಲೇ ಕಳೆದಿತ್ತು. ಕೈಯಲ್ಲಿ ಶಿಲುಬೆ ಇನ್ನೂ ತೂಗುತ್ತಿತ್ತು.

ಬ್ರಿಜಿತಮ್ಮ ನೆಲ ಗುಡಿಸುತ್ತಿದ್ದರು.

"ಅಮ್ಮ, ಹಬ್ಬ ಮುಗಿದುಹೋಯ್ತು. ಗೊತ್ತು. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಹೇಳೇ ಹೇಳ್ತೀನಿ."

"ತಾಯಿ ಹೇಗಿದ್ದಾಳೆ?"

"ಉಳಿದಳು. ಹೊಟ್ಟೆ ಕೊಯ್ದು ತೆಗೆದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂದರು ಡಾಕ್ಟರು."

"ಮಗು?"

"ಹೆಣ್ಣು. ಅಂಗೈಯಗಲ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇನ್ನೂ ನಾಲ್ಕು ದಿನ ಏನೂ ಹೇಳೋಕಾಗಲ್ಲವಂತೆ."

"ಅವಳು ಮಗು ನೋಡಿದಳಾ?"

"ಒಬ್ಬಳೇ ಹೋಗೋಕೆ ಹೆದರುತ್ತಾಳೆ. ನಾನು ಕೈ ಹಿಡಿದರೆ ಗಾಜಿನವರೆಗೂ ಬರ್ತಾಳೆ." ಫಿಲೋಮಿನ ಗಂಟು ಕೆಳಗಿಟ್ಟಳು. "ಮೊದಲು ಈ ಸೀರೆ ಒಗೆದು, ಆಮೇಲೆ ಉತ್ತರ..."

ಬ್ರಿಜಿತಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದರು. ಮಾತೆಯ ಕೈಯಿಂದ ಶಿಲುಬೆ ತೆಗೆದರು. ಶಿಷ್ಯೆಯ ಹಿಂದೆ ಬಂದು ಅವಳ ಕೊರಳಿಗೆ ಕರಿದಾರ ಬಿಗಿದರು. ಗಂಟು ಬೀಳಲು ಬಹಳ ಹೊತ್ತು ಹಿಡಿಯಿತು.

"ಅಮ್ಮ, ನಾನಿನ್ನೂ ಉತ್ತರವೇ ಹೇಳಿಲ್ಲ," ಎಂದಳು ಫಿಲೋಮಿನ.

ಮುದುಕಿ ಬಗ್ಗಿ ರಕ್ತದ ಸೀರೆಯನ್ನು ಎತ್ತಿಕೊಂಡು ಹೊಳೆಯ ಕಡೆ ಹೊರಟರು. ಬಾಗಿಲಲ್ಲಿ ತಿರುಗಿದರು.

"ಇದನ್ನು ನಾನು ಒಗೀತೀನಿ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ ಅಂದೆ. ನೀನು ಯಾಕೆ ಇನ್ನೂ ಇಲ್ಲಿದ್ದೀಯ?"