ವರ್ತಕನ ಹೊರೆಗಲ್ಲು

"ಗುರುಗಳೇ, ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಅರ್ಥವನ್ನು ತಿಳಿಯುವುದು ಹೇಗೆ?" ಎಂದು ಶಿಷ್ಯ ಮರಿದೇವ ಕೇಳಿದ. ದಾರಿಬದಿಯ ಕಲ್ಲುಗಳ ಕೆತ್ತನೆಯನ್ನೆಲ್ಲ ಅವನು ಬರೆದು ತಂದಿದ್ದ.

"ಬರೆದದ್ದು ಸಾಕು, ಕೂತು ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು, ಸಾತವ್ವ. ಹೆರಿಗೆಗೆಂದು ತವರಿಗೆ ಬಂದವಳು ಹೆರಲಾರದೆ ಸತ್ತಳು. ಬಸುರಿ ಸತ್ತರೆ ಒಡಲ ಭಾರ ಇಳಿಯದೆ ಅವಳ ಜೀವ ಅಲೆಯುತ್ತದೆ ಎಂದು ಆ ಸೀಮೆಯ ನಂಬಿಕೆ. ಅದಕ್ಕೆ ಮನೆಯವರು ದಾರಿಯ ಪಕ್ಕ ಹೊರೆಗಲ್ಲು ನಿಲ್ಲಿಸುತ್ತಾರೆ. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಅಷ್ಟೇ. ತಲೆಹೊರೆಯವರು ಯಾರ ನೆರವೂ ಇಲ್ಲದೆ ಅದರ ಮೇಲೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳುತ್ತಾರೆ. ಒಂದೊಂದು ಹೊರೆ ಇಳಿದಾಗಲೂ ಸತ್ತವಳ ಭಾರ ಅಷ್ಟಷ್ಟು ಇಳಿಯುತ್ತದಂತೆ.

ವರ್ತಕ ಕಲ್ಲುಕುಟಿಗನನ್ನು ಕರೆಸಿದ. "ನನ್ನ ಮಗಳ ಕಲ್ಲು ಹತ್ತರಲ್ಲಿ ಹನ್ನೊಂದಾಗಬಾರದು. ಉಳಿದವಕ್ಕಿಂತ ಒಂದು ಮೊಳ ಎತ್ತರವಿರಲಿ."

"ಶೆಟ್ಟರೇ, ಇದಕ್ಕೊಂದು ಅಳತೆ ಅಂತ..."

"ನಿನ್ನ ಉಳಿ ಮಾತಾಡಲಿ, ನೀನು ಬೇಡ" ಎಂದು ಅವನ ಬಾಯಿ ಮುಚ್ಚಿಸಿದ.

ಕಲ್ಲು ನಿಂತಿತು. ಅಡ್ಡಗಲ್ಲಿಗೆ ತೊಟ್ಟಿಲು, ಕಂಬಕ್ಕೆ ಬಳ್ಳಿ, ಬುಡದಲ್ಲಿ ಸಾತವ್ವನ ಹೆಸರು. ಪಂಡಿತರು ಬಂದು ನೋಡಿದರು. ಎರಡು ಕಂಬವೆಂದರೆ ಹುಟ್ಟು ಸಾವು ಎಂದರು ಒಬ್ಬರು. ಅಲ್ಲವೇ ಅಲ್ಲ, ತವರು ಮತ್ತು ಗಂಡನ ಮನೆ ಎಂದರು ಇನ್ನೊಬ್ಬರು. ಬಾಯಿಗೆ ಬಂದದ್ದೆಲ್ಲ ಅರ್ಥವೇ! ವರ್ತಕನಿಗೆ ಎಲ್ಲವೂ ಹಿತವಾಗಿತ್ತು. ಆದರೆ ದಿನವೂ ಬಂದು ಕೂತು ಕಾದರೂ ಆ ಕಲ್ಲಿನ ಮೇಲೆ ಒಂದು ಹೊರೆಯೂ ಇಳಿದದ್ದನ್ನು ಅವನು ಕಾಣಲಿಲ್ಲ. ಜನಕ್ಕೆ ಸೊಕ್ಕು ಎಂದು ಬೈದುಕೊಂಡ. ಮಗಳು ಇನ್ನೂ ಒಡಲ ಭಾರ ಹೊತ್ತುಕೊಂಡೇ ಇದ್ದಾಳಲ್ಲ ಎಂದು ಕೊರಗಿದ.

ಒಂದು ದಿನ ಸೌದೆ ಹೊತ್ತ ಹೆಂಗಸೊಬ್ಬಳು ಬಂದಳು. ತುದಿಗಾಲಲ್ಲಿ ನಿಂತು ಹೊರೆಯನ್ನು ಅಡ್ಡಗಲ್ಲಿಗೆ ತಾಗಿಸಲು ನೋಡಿದಳು. ಎಟುಕಲಿಲ್ಲ. ಕುತ್ತಿಗೆ ಉಳುಕಿತು.

"ಯಾಕವ್ವಾ, ಇಳಿಸಬಾರದೇ? ನನ್ನ ಮಗಳ ಕಲ್ಲು ಅದು" ಎಂದ ವರ್ತಕ.

"ಅಯ್ಯೋ ಸ್ವಾಮಿ, ನೋಡೋಕೆ ಚೆಂದ ಐತೆ. ಹೊರೆ ಇಳಿಸಬೇಕಂದ್ರೆ ಆನೆ ಮೇಲೆ ಬರಬೇಕು" ಎಂದು ಅವಳು ಮುಂದೆ ನಡೆದಳು.

ವರ್ತಕ ತಲೆಯೆತ್ತಿ ಅಡ್ಡಗಲ್ಲಿನ ಎತ್ತರವನ್ನು ನೋಡಿದ. ಹಿಂದೆಯೇ ಓಡಿ ಅವಳ ಹೊರೆಯನ್ನು ತಾನೇ ಇಳಿಸಿದ. ಮರುದಿನ ಅವನು ಹೇಳಿದಂತೆ ಕಲ್ಲುಕುಟಿಗ ಕಂಬಗಳನ್ನು ಕಿತ್ತು ಅವುಗಳ ಗುಂಡಿಗಳನ್ನು ಇನ್ನೂ ಒಂದು ಮೊಳ ತೋಡಿದ. ಕಂಬ ಇಳಿಸಿದರೆ ಮಗಳ ಹೆಸರು ಮಣ್ಣಿನೊಳಗೆ ಹೋಗುತ್ತಿತ್ತು. ಕಲ್ಲುಕುಟಿಗ ಕೈ ತಡೆದು ವರ್ತಕನ ಮುಖ ನೋಡಿದ.

"ಹೂಳಪ್ಪಾ" ಎಂದ ವರ್ತಕ, ಅಳುತ್ತಲೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ಸಮಾಧಾನವಾಗಲಿಲ್ಲ. "ಹೆಸರೇ ಮಣ್ಣಾದ ಮೇಲೆ ಆ ಕಲ್ಲನ್ನು ಓದುವುದು ಹೇಗೆ, ಗುರುಗಳೇ?"

"ತಲೆಯ ಮೇಲೊಂದು ಹೊರೆ ಹೊತ್ತುಕೊಂಡು ಹೋಗಿ ಓದು" ಎಂದರು ಗುರುಗಳು.