ಗೆರೆಯಾಚೆ ಕೂತ ಆಟಗಾರ

"ಗುರುಗಳೇ, ಚೆಂಡು ಸದಾ ನಮ್ಮವರ ಕಾಲಲ್ಲೇ ಇದ್ದರೆ ಎದುರಾಳಿ ಗೋಲು ಹೊಡೆಯುವುದಾದರೂ ಹೇಗೆ? ನನ್ನ ತಂಡಕ್ಕೆ ಇದೊಂದನ್ನು ಕಲಿಸಿದರೆ ಸಾಲದೇ?" ಎಂದು ಹೊಸದಾಗಿ ಫುಟ್‌ಬಾಲ್ ತರಬೇತಿಗೆ ಇಳಿದಿದ್ದ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಅಷ್ಟು ಸಲೀಸಾಗಿದ್ದರೆ ನನ್ನ ತಲೆ ಇಷ್ಟು ಬೇಗ ನುಣ್ಣಗಾಗುತ್ತಿರಲಿಲ್ಲ. ಕೂತುಕೋ" ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ತರಬೇತುದಾರನಿದ್ದ. ಅವನ ಆಟಗಾರರೆಲ್ಲ ಮಗ್ಗದ ಕೆಲಸದವರು, ಸಣಕಲು ಮೈಯವರು. ಕಟ್ಟುಮಸ್ತಾದ ದಾಂಡಿಗರ ತಂಡಗಳು ಅವರನ್ನು ಗುದ್ದಿ ಕೆಡವುತ್ತಿದ್ದವು. ಅದನ್ನು ನೋಡಲಾರದೆ ಅವನು ಒಂದು ಉಪಾಯ ಹೂಡಿದ. ಚೆಂಡು ಬಂದೊಡನೆ ಹತ್ತಿರದವನಿಗೆ ಪಾಸ್ ಕೊಡಬೇಕು, ಕೊಟ್ಟು ಖಾಲಿ ಜಾಗಕ್ಕೆ ಸರಿಯಬೇಕು. ಅಭ್ಯಾಸದಲ್ಲಿ ಚೆಂಡು ಕಳೆದುಕೊಂಡವನು ಮೈದಾನದ ಗೆರೆಯಾಚೆ, ಆಟಕ್ಕೆ ಬೆನ್ನು ತಿರುಗಿಸಿ ಕೂರಬೇಕು.

ಉಪಾಯ ಫಲಿಸಿತು. ದಾಂಡಿಗರು ಗುದ್ದಲು ಬರುವಷ್ಟರಲ್ಲಿ ಚೆಂಡು ಇನ್ನೊಬ್ಬನ ಬಳಿ ಇರುತ್ತಿತ್ತು. ಓಡಿ ಓಡಿ ಅವರೇ ಸುಸ್ತಾದರು. ಇವರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಹನ್ನೊಂದು ಜನ ಒಬ್ಬರನ್ನೊಬ್ಬರು ನಂಬಿ ಆಡುವುದನ್ನು ನೋಡಿ ತರಬೇತುದಾರನ ಕಣ್ಣು ತುಂಬಿತು. ತಂಡ ಎಂದೂ ಕಾಣದ, ಲೀಗಿನ ಮೇಲಿನ ದರ್ಜೆಗೆ ಏರಲು ಇನ್ನೊಂದೇ ಪಂದ್ಯ ಗೆಲ್ಲಬೇಕಿತ್ತು.

ಆ ದಿನದ ಎದುರಾಳಿಗಳು ಚೆಂಡಿನ ಹಿಂದೆ ಓಡಲೇ ಇಲ್ಲ. ತಮ್ಮ ಗೋಲಿನ ಮುಂದೆ ಗುಂಪಾಗಿ ನಿಂತುಬಿಟ್ಟರು. ಇವರು ಪಾಸ್ ಕೊಡುತ್ತ ಕೊಡುತ್ತ ಎಲ್ಲರೂ ಮುಂದೆ ಹೋದರು. ಹಿಂದೆ ಗೋಲ್‌ಕೀಪರ್ ಒಬ್ಬನೇ ಉಳಿದ. ಎರಡೂ ಕಡೆ ಗೋಲಿಲ್ಲ. ಕೊನೆಯ ನಿಮಿಷದಲ್ಲಿ ಒಬ್ಬ ಆಟಗಾರನಿಗೆ ಗೋಲಿನ ದಾರಿ ತೆರೆಯಿತು. ಅವನು ಕಾಲೆತ್ತಿದ. ಆದರೆ ಹೊಡೆಯದೆ ಹಿಂದಿದ್ದ ಗೆಳೆಯನಿಗೆ ಪಾಸ್ ಕೊಟ್ಟ. ಎದುರಾಳಿಯೊಬ್ಬ ನಡುವೆ ಕಾಲು ಚಾಚಿ ಚೆಂಡು ಕಸಿದು, ಖಾಲಿ ಬಿದ್ದಿದ್ದ ಅರ್ಧ ಮೈದಾನದತ್ತ ದೂರ ಒದ್ದ. ಅವನ ಜೊತೆಗಾರ ಓಡಿಹೋಗಿ ಗೋಲು ಹೊಡೆದ. ಪಂದ್ಯ ಮುಗಿಯಿತು.

ಪಾಸ್ ಕೊಟ್ಟ ಆಟಗಾರ, ಯಾರೂ ಹೇಳದೆಯೇ, ಗೆರೆಯಾಚೆ ಹೋಗಿ ಬೆನ್ನು ತಿರುಗಿಸಿ ಕೂತ. ತರಬೇತುದಾರ ಹತ್ತಿರ ಬಂದ.

"ಯಾಕಪ್ಪಾ ಹೊಡೀಲಿಲ್ಲ?"

"ಹೊಡ್ದು ತಪ್ಪಿದ್ರೆ ಚೆಂಡು ಹೋಗ್ತಿತ್ತಲ್ಲ ಸರ್."

ತರಬೇತುದಾರನೂ ಬೆನ್ನು ತಿರುಗಿಸಿ ಅವನ ಪಕ್ಕದಲ್ಲೇ ಕೂತುಕೊಂಡ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಆಟದ ರೀತಿಯೇ ತಪ್ಪೇ?" ಎಂದ ಶಿಷ್ಯ.

"ರೀತಿ ಚೆನ್ನಾಗಿದೆ, ಕಲಿಸು. ಆದರೆ ಚೆಂಡು ಕಳೆದುಕೊಂಡು ಬಂದವನನ್ನು ನೀನು ಯಾವ ಕಣ್ಣಿನಿಂದ ನೋಡುತ್ತೀಯ, ಮೊದಲು ಅದನ್ನು ಹೇಳು."