ಒಂದು ಚೊಂಬು ನೀರು

ಕಪಿಲೆಯ ದಡದಲ್ಲಿ ಸದಾಶಿವಯ್ಯ ಗುರುಗಳ ಪುಟ್ಟ ಆಶ್ರಮ. ಭಾರ್ಗವಿ ಚಿಕ್ಕವಳಾಗಿದ್ದಾಗ ಓದು ಕಲಿತದ್ದು ಅಲ್ಲಿ. ಬಹಳ ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಮಗಳನ್ನು ಕರೆದುಕೊಂಡು ಅದೇ ಜಗಲಿಗೆ ಬಂದಳು.

ಗುರುಗಳಿಗೆ ತುಂಬಾ ವಯಸ್ಸಾಗಿತ್ತು. ಧ್ವನಿ ಮಾತ್ರ ಹಾಗೇ ಇತ್ತು.

"ಭಾರ್ಗವಿ ಅಲ್ಲವೇ? ಬಾ. ಮುಖ ಯಾಕೆ ಬಾಡಿದೆ?"

ಅವಳು ನಮಸ್ಕರಿಸಿ ಕುಳಿತಳು.

"ಇವಳು ಚಿನ್ಮಯಿ. ಶಾಲೆಗೆ ಕಳಿಸದೆ ಮನೆಯಲ್ಲಿ ನಾನೇ ಪಾಠ ಹೇಳುತ್ತಿದ್ದೇನೆ. ನೀವು ನನಗೆ ಕಲಿಸಿದ ಹಾಗೆ ಕಲಿಸಬೇಕು ಅಂತ ಆಸೆಪಟ್ಟೆ, ಗುರುಗಳೇ. ಆಗುತ್ತಿಲ್ಲ."

"ಏನಾಗುತ್ತಿಲ್ಲ?"

"ಇವಳ ಮನಸ್ಸು ನಿಲ್ಲುವುದಿಲ್ಲ. ಪುಸ್ತಕ ತೆರೆದ ಸ್ವಲ್ಪ ಹೊತ್ತಿಗೇ ಕಣ್ಣು ಕಿಟಕಿಗೆ ಹೋಗುತ್ತದೆ. ಕಿಟಕಿ ಮುಚ್ಚಿಬಿಟ್ಟೆ. ಮುಗಿಸುವವರೆಗೆ ಏಳಕೂಡದು ಅಂದೆ. ಈಗ ಪುಸ್ತಕ ಕಂಡರೇ ಅಳುತ್ತಾಳೆ."

ಚಿನ್ಮಯಿ ಆಗಲೇ ಅಂಗಳದಾಚೆ ಹೋಗಿ ಕಲ್ಲು ಆರಿಸುತ್ತಿದ್ದಳು. ಭಾರ್ಗವಿ ದನಿ ತಗ್ಗಿಸಿದಳು.

"ಮೊನ್ನೆ ಕೇಳಿದಳು, 'ಅಮ್ಮಾ, ಪಾಠ ಬಿಟ್ಟು ನೀನು ಮತ್ತೆ ನನ್ನ ಅಮ್ಮ ಆಗುವುದು ಯಾವಾಗ?' ಅಂತ."

ಗುರುಗಳು ಹೊಳೆಯ ಕಡೆ ನೋಡುತ್ತ ಕುಳಿತರು. ಆಮೇಲೆ, "ಇವತ್ತಿನ ಪಾಠ ಇಲ್ಲೇ ಹೇಳು. ನಾನೂ ಕೇಳುತ್ತೇನೆ," ಎಂದರು.

ಭಾರ್ಗವಿ ಮಗಳನ್ನು ಕರೆದು ಕೂರಿಸಿಕೊಂಡಳು. ಅವತ್ತಿನ ಪಾಠ ಸಂಧಿ. ಎರಡು ಪದ ಕೂಡುವಾಗ ಒಂದಕ್ಷರ ಬಿಟ್ಟುಹೋದರೆ ಲೋಪ, ಹೊಸ ಅಕ್ಷರ ಬಂದು ಸೇರಿದರೆ ಆಗಮ. ಮೊದಮೊದಲು ಮಗು ಚೆನ್ನಾಗಿಯೇ ಹೇಳಿತು. ಬರಬರುತ್ತ ಎರಡೂ ಕಲಸಿಹೋದವು. ಕಾಲು ಆಡಿಸಿತು, ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಿತು.

"ಈಗ ತಾನೇ ಹೇಳಿಕೊಟ್ಟೆನಲ್ಲ. ಇಲ್ಲಿ ನೋಡು."

ಭಾರ್ಗವಿಯ ದನಿ ಏರಿತ್ತು. ಮಗುವಿನ ಕಣ್ಣು ತುಂಬಿತು.

ಗುರುಗಳು ಪಕ್ಕದಲ್ಲಿದ್ದ ಚೊಂಬನ್ನೆತ್ತಿ ಮಗುವಿನ ಕೈಗಿಟ್ಟರು.

"ಬಾಯಾರಿದೆ ಮಗು. ಹೊಳೆಯ ಕೆಳಗಿನ ಮೆಟ್ಟಿಲಲ್ಲಿ ನಿಂತು ಒಂದು ಚೊಂಬು ನೀರು ತರುತ್ತೀಯಾ?"

ಚಿನ್ಮಯಿ ಕಣ್ಣೊರೆಸಿಕೊಂಡು ಓಡಿದಳು.

"ನಾನೇ ತರುತ್ತಿದ್ದೆನಲ್ಲ ಗುರುಗಳೇ. ಪಾಠ ಅರ್ಧಕ್ಕೇ ನಿಂತಿತು."

"ನಿನ್ನ ಪಾಠವೂ ಅರ್ಧಕ್ಕೇ ನಿಲ್ಲುತ್ತಿತ್ತು."

ಭಾರ್ಗವಿಗೆ, ತಾನೂ ಚೊಂಬು ಹಿಡಿದು ಇಳಿಯುತ್ತಿದ್ದ ತಣ್ಣನೆಯ ಮೆಟ್ಟಿಲು ನೆನಪಾಯಿತು. ನೀರಿಗೆ ಕಾಲಿಟ್ಟರೆ ಮರಿಮೀನುಗಳು ಬಂದು ಕಚಗುಳಿಯಿಡುತ್ತಿದ್ದವು. ಗೆಳತಿ ಕಾವೇರಮ್ಮ ಆಚೆ ದಡಕ್ಕೆ ಕೇಳುವಂತೆ ಕೂಗು ಹಾಕುತ್ತಿದ್ದಳು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ, ತಲೆಗೆ ಹತ್ತದೆ ನಿಂತಿದ್ದ ಸಾಲು ತಾನಾಗಿಯೇ ಬಾಯಿಗೆ ಬಂದಿರುತ್ತಿತ್ತು.

"ನಿಮಗೆ ಪದೇ ಪದೇ ಬಾಯಾರುತ್ತದೆ ಅಂದುಕೊಂಡಿದ್ದೆವು. ಅಷ್ಟೊಂದು ನೀರು ಕುಡಿಯುತ್ತಿದ್ದಿರಾ?"

"ಅದೆಲ್ಲ ಕುಡಿದಿದ್ದರೆ ನಾನು ಉಳಿಯುತ್ತಿದ್ದೆನೇ? ಎಮ್ಮೆಗೆ ಹಾಕುತ್ತಿದ್ದೆ."

ಭಾರ್ಗವಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಕೊಡ ಕೊಟ್ಟು ಕಳಿಸಿದ್ದರೆ ಎಮ್ಮೆಗಾದರೂ ಸಾಲುತ್ತಿತ್ತು."

"ಕೊಡ ಕೊಟ್ಟರೆ ಅದು ಕೆಲಸವಾಗುತ್ತದೆ. ಚೊಂಬು ತುಂಬುವಷ್ಟು ಹೊತ್ತು ಸಾಕು."

ಅಷ್ಟರಲ್ಲಿ ಚಿನ್ಮಯಿ ಬಂದಳು. ಲಂಗ ಒದ್ದೆ, ಚೊಂಬಿನಲ್ಲಿ ಅರ್ಧ ನೀರು. ಬಂದವಳು ಗುರುಗಳ ಮುಂದೆ ಚೊಂಬಿಟ್ಟು, ಅಮ್ಮನ ಮೈಗೆ ಒರಗಿ ಕುಳಿತಳು.

"ಹೊಳೆ, ಅಲ್ಲಿ. ಹೊಳೆಯಲ್ಲಿ. ಅಮ್ಮಾ, ನಡುವೆ 'ಯ' ಬಂತಲ್ಲ, ಅದು ಆಗಮ ತಾನೇ?"

"ಹೌದು ಕಂದಾ," ಎಂದಳು ಭಾರ್ಗವಿ.

ಪಾಠ ಮುಂದುವರಿಯಿತು. ಬಿಸಿಲು ಜಗಲಿಯ ಮೇಲಕ್ಕೆ ಹತ್ತಿತು. ಮಗುವಿನ ಕಾಲು ಮತ್ತೆ ಆಡತೊಡಗಿದಾಗ ಭಾರ್ಗವಿ ತಾನೇ ಪುಸ್ತಕ ಮುಚ್ಚಿದಳು. ಚೊಂಬಿನ ನೀರನ್ನು ಗಿಡಕ್ಕೆ ಸುರಿದು, ಖಾಲಿ ಚೊಂಬನ್ನು ಮಗಳ ಕೈಗೆ ಕೊಟ್ಟಳು.

"ಗುರುಗಳಿಗೆ ಮತ್ತೆ ಬಾಯಾರಿದೆಯಂತೆ."

ಚಿನ್ಮಯಿ ಗುರುಗಳ ಮುಖ ನೋಡಿದಳು. ಅವರು ಗಂಭೀರವಾಗಿ ತಲೆಯಾಡಿಸಿದರು.

ಈ ಸಲ ಮಗು ಬೇಗ ಬರಲಿಲ್ಲ. ಕೆಳಗಿನಿಂದ ಹಾಡಿಕೊಳ್ಳುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಭಾರ್ಗವಿ ಎದ್ದು ಜಗಲಿಯ ಅಂಚಿಗೆ ಹೋದಳು. ಕೂಗಬೇಕೆಂದು ಬಾಯಿ ತೆರೆದವಳು ಹಿಂದಿರುಗಿ ನೋಡಿದಳು.

"ಆಟದಲ್ಲೇ ಮೈಮರೆತು ಬರದೇ ಹೋದರೆ, ಗುರುಗಳೇ?"

ಗುರುಗಳು ಗೋಡೆ ಹಿಡಿದುಕೊಂಡು ಮೆಲ್ಲನೆ ಎದ್ದರು. ಬಂದು ಅವಳ ಪಕ್ಕದಲ್ಲಿ ನಿಂತರು.

"ನೀನು ಹೋದಾಗಲೆಲ್ಲ ನಾನೂ ಹೀಗೇ ಬಂದು ನಿಲ್ಲುತ್ತಿದ್ದೆ, ಮೆಟ್ಟಿಲ ಮೇಲೆ ನಿನ್ನ ತಲೆ ಕಾಣಿಸುವವರೆಗೆ. ಕೂಗುತ್ತಿರಲಿಲ್ಲ."